ಪ್ಲಾನ್ ದೊಡ್ಡದು ಮಾಡಿಸುವ ಮೊದಲು ರೂಟರ್ ಎಲ್ಲಿದೆ ನೋಡಿ

ಮನೆಯಲ್ಲಿ ವೈಫೈ ಕೈಕೊಟ್ಟಾಗ ಕಂಪನಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಹೆಚ್ಚು ಕಡಿಮೆ ಒಂದೇ. "ನೂರರ ಪ್ಲಾನ್ ಸಾಕಾಗಲ್ಲ ಸಾರ್, ಇನ್ನೂರಕ್ಕೆ ಹೋಗಿ." ನೂರು, ಇನ್ನೂರು ಅಂದರೆ ನೆಟ್ಟಿನ ಸ್ಪೀಡ್, ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಲೆಕ್ಕದಲ್ಲಿ. ಈ ಮಾತು ಕೇಳಿದರೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ತೊಂದರೆ ಎಲ್ಲಿದೆ ಅಂತ ನೋಡದೆ ಜಾಸ್ತಿ ದುಡ್ಡು ಕೇಳುವುದು ಯಾವ ನ್ಯಾಯ? ವಯಸ್ಸಾದವರು, ಮಕ್ಕಳ ಓದಿಗೆ ಅಂತ ನೆಟ್ ಹಾಕಿಸಿಕೊಂಡವರು ಇದನ್ನು ನಂಬಿ ತಿಂಗಳು ತಿಂಗಳು ಕಟ್ಟುತ್ತಾರೆ. ತೊಂದರೆ ಮಾತ್ರ ಹಾಗೇ ಇರುತ್ತದೆ.

ಕಂಬದಿಂದ ರೂಟರ್‌ವರೆಗೆ ನೆಟ್ ಬರುವುದು ವೈರಿನಲ್ಲಿ. ಅಲ್ಲಿಂದ ನಿಮ್ಮ ಫೋನಿಗೆ ಬರುವುದು ಗಾಳಿಯಲ್ಲಿ. ಪ್ಲಾನಿಗೆ ಕೊಡುವ ದುಡ್ಡು ವೈರಿನ ಸ್ಪೀಡಿಗೆ. ಹಾಗಾಗಿ ಕೆಟ್ಟಿರುವುದು ಯಾವುದು ಅಂತ ಮೊದಲು ಗೊತ್ತಾಗಬೇಕು, ಅಲ್ವಾ?

ಮೈಸೂರಿನ ಚಾಮುಂಡಿಪುರಂನಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಹಳೇ ಕಾಲದ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ರೂಟರ್ ಇದ್ದದ್ದು ಮುಂದಿನ ರೂಮಿನಲ್ಲಿ, ಟಿವಿ ಹಿಂದೆ, ಕಬ್ಬಿಣದ ಬೀರುವಿಗೆ ಅಂಟಿಕೊಂಡ ಹಾಗೆ. ಅಲ್ಲೇ ಯಾಕೆ? ಕಿಟಕಿ ಪಕ್ಕ ತೂತು ಕೊರೆದು ವೈರು ತೂರಿಸುವುದು ಸುಲಭ, ಅದಕ್ಕೆ. ಅವರ ಮಗಳು ಸಿಇಟಿಗೆ ಆನ್‌ಲೈನ್ ಕ್ಲಾಸ್ ನೋಡುತ್ತಾ ಓದುವುದು ಹಿಂದಿನ ರೂಮಿನಲ್ಲಿ. "ಲೆಕ್ಕ ಅರ್ಧ ಮಾಡಿರ್ತಾರೆ ಅಣ್ಣ, ಅಷ್ಟರಲ್ಲಿ ನಿಂತೋಗತ್ತೆ" ಅಂತ ಆ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

ರೂಟರ್‌ಗೆ ಲ್ಯಾನ್ ಕೇಬಲ್ ಹಾಕಿ ಲ್ಯಾಪ್‌ಟಾಪಿನಲ್ಲಿ ಸ್ಪೀಡ್ ನೋಡಿದೆ. 94 ಎಂಬಿಪಿಎಸ್. ನೂರರ ಪ್ಲಾನಿಗೆ ಅದು ಚೆನ್ನಾಗಿಯೇ ಇದೆ. ಅದೇ ಹೊತ್ತಿಗೆ ಹಿಂದಿನ ರೂಮಿನಲ್ಲಿ ಫೋನ್ ತೋರಿಸಿದ್ದು ಬರೀ 3. "ಹಾಗಾದ್ರೆ ವೈರಲ್ಲಿ ಏನೂ ತೊಂದ್ರೆ ಇಲ್ವೇನಪ್ಪ?" ಅಂದರು ಚಿಕ್ಕಮ್ಮ. ಇಲ್ಲ. ಇನ್ನೂರರ ಪ್ಲಾನ್ ಹಾಕಿಸಿದ್ದರೂ ಆ ರೂಮಿಗೆ ಬರುತ್ತಿದ್ದದ್ದು ಅಷ್ಟೇ.

ಗೋಡೆ ಮೇಲ್ಗಡೆ ಲ್ಯಾನ್ ಕೇಬಲ್ ಎಳೆಸಿ ಹಿಂದಿನ ರೂಮಿನ ಬಾಗಿಲ ಮೇಲೆ ಇನ್ನೊಂದು ಸಣ್ಣ ರೂಟರ್ ಹಾಕಿಸಿದೆವು. ಈಗ ಕ್ಲಾಸ್ ನಿಲ್ಲುವುದಿಲ್ಲ. ಪ್ಲಗ್ಗಿಗೆ ಚುಚ್ಚುವ ರಿಪೀಟರ್, ಅಂದರೆ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಡಬ್ಬಿ, ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ ಸಾದಾ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಕಳಿಸಬೇಕು. ಸ್ಪೀಡ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಸಿಗ್ನಲ್ಲೇ ಇಲ್ಲದ ಮೂಲೆಯಲ್ಲಿ ಹಾಕಿದರಂತೂ ದುಡ್ಡು ದಂಡ.

ವೈಫೈ ಹೆಸರಿನ ಕೊನೆಯಲ್ಲಿ 5ಜಿ ಅಂತ ಕಾಣುತ್ತದಲ್ಲ, ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್, ವೈಫೈ ಬಳಸುವ ರೇಡಿಯೋ ತರಂಗದ ಒಂದು ಪಟ್ಟಿ. ಅದು ವೇಗ ಜಾಸ್ತಿ, ಆದರೆ ದಪ್ಪ ಗೋಡೆ ದಾಟುವುದು ಕಷ್ಟ. 2.4 ಗಿಗಾಹರ್ಟ್ಸ್ ಇನ್ನೂ ದೂರ ಹೋಗುತ್ತದೆ, ಆದರೆ ಅಲ್ಲಿ ಜನಸಂದಣಿ. ಆ ಪಟ್ಟಿಯನ್ನು ಹಂಚಿಕೊಂಡಿರುವ ದಾರಿಗಳಿಗೆ ಚಾನೆಲ್ ಅನ್ನುತ್ತಾರೆ, ಒಂದಕ್ಕೊಂದು ತಾಗದವು 1, 6, 11 ಮೂರೇ. ಬ್ಲೂಟೂತ್ ಇರುವುದೂ ಅಲ್ಲೇ, ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ ಅಲ್ಲೇ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಊಟದ ಹೊತ್ತಿಗೆ ವೈಫೈ ಎಳೆದಾಡಿದರೆ ಮೊದಲು ಇದನ್ನೇ ನೋಡಿ. ರೂಟರ್ ಹತ್ತಿರ ಇರುವ ಟಿವಿ, ಲ್ಯಾಪ್‌ಟಾಪನ್ನು 5ಕ್ಕೆ ಹಾಕಿ, ದೂರದವಕ್ಕೆ 2.4 ಬಿಡಿ.

ವೈರೇ ಕೆಟ್ಟಿದ್ದರೆ ಕಥೆ ಬೇರೆ. ಫೈಬರ್ ವೈರು ಬಂದು ಸೇರುವ ಡಬ್ಬಿಯಲ್ಲಿ ಎಲ್‌ಒಎಸ್ ಅಂತ ಬರೆದಿರುವ ಲೈಟು ಕೆಂಪಗೆ ಉರಿಯುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ ಅಂತ ಅರ್ಥ. ಆಗ ರೂಟರ್ ಆಫ್ ಆನ್ ಮಾಡುತ್ತಾ ಕೂತರೆ ಪ್ರಯೋಜನ ಇಲ್ಲ. ಸೋಫಾ ಸಂದಿಯಲ್ಲಿ ವೈರು ಮಡಚಿಕೊಂಡಿದೆಯಾ ನೋಡಿ. ಒಳಗಿರುವುದು ಗಾಜಿನ ಎಳೆ, ಜಾಸ್ತಿ ಬಗ್ಗಿದರೆ ಬೆಳಕು ಸೋರುತ್ತದೆ. ಅಲ್ಲಿ ಸರಿ ಇದ್ದರೆ ಲೈನ್‌ಮ್ಯಾನೇ ಬರಬೇಕು. ಕರೆಂಟು ಒಂದು ಕ್ಷಣ ಹೋಗಿ ಬಂದರೂ ನೆಟ್ ಕೆಲವು ನಿಮಿಷ ಕಾಣೆಯಾಗುವ ಮನೆಗೆ ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಸಾಕು. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟು, ಆಂಪಿಯರ್ ನೋಡಿ ತನ್ನಿ.

ಬಿಟ್ಟು ಬಿಟ್ಟು ಹೋಗುವ ನೆಟ್ಟಿಗೆ ಪಿಂಗ್ ಒಳ್ಳೆಯ ಸಾಕ್ಷಿ. ಪಿಂಗ್ ಅಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತಾ ನೋಡುವ ಕಮಾಂಡ್. ಲ್ಯಾಪ್‌ಟಾಪಿನಲ್ಲಿ ಒಂದು ಕಮಾಂಡ್ ಕಿಟಕಿ (ವಿಂಡೋ) ತೆರೆದು ರೂಟರ್ ವಿಳಾಸಕ್ಕೆ ಪಿಂಗ್ ಹಾಕಿ. ಬಹಳ ಮನೆಗಳಲ್ಲಿ ಅದು 192.168.1.1. ಇನ್ನೊಂದು ಕಿಟಕಿಯಲ್ಲಿ ಹೊರಗಿರುವ ಗೂಗಲ್ ಸರ್ವರ್ 8.8.8.8ಕ್ಕೆ ಹಾಕಿ. ರೂಟರ್‌ನಿಂದ ಉತ್ತರ ಸರಿಯಾಗಿ ಬರುತ್ತಾ ಹೊರಗಿನದ್ದು ಮಾತ್ರ ತಪ್ಪುತ್ತಿದ್ದರೆ ನಿಮ್ಮ ವೈಫೈ ಚೆನ್ನಾಗಿದೆ. ಆ ಸ್ಕ್ರೀನ್‌ಶಾಟ್ ಇಟ್ಟುಕೊಂಡೇ ಕಂಪನಿಯವರ ಹತ್ತಿರ ಮಾತಾಡಿ.

ಸುಮ್ನೆ ಫೋನಲ್ಲಿ ಬೈದು ಇಡಬೇಡಿ. ದೂರಸಂಪರ್ಕ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ 2012ರಲ್ಲಿ ಮಾಡಿದ ನಿಯಮದ ಪ್ರಕಾರ ಕಂಪನಿಯವರು ಪ್ರತಿ ದೂರಿಗೂ ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್ ಕೊಡಬೇಕು. ಕೇಳಿ ಬರೆದಿಟ್ಟುಕೊಳ್ಳಿ. ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಫೀಸೂ ಇಲ್ಲ. ಹೊಸದಾಗಿ ನೆಟ್ ಹಾಕಿಸುವವರಂತೂ ಹುಡುಗ ಡ್ರಿಲ್ಲಿಂಗ್ ಮಷಿನ್ ಕೈಗೆ ತಗೊಳ್ಳುವ ಮೊದಲೇ ಹೇಳಿಬಿಡಿ: "ರೂಟರ್ ನಡುಮನೇಲಿ ಹಾಕಪ್ಪ, ಎತ್ತರದಲ್ಲಿ. ಇನ್ನೊಂದು ಹತ್ತು ಮೀಟರ್ ವೈರ್ ಹೋದರೂ ಪರವಾಗಿಲ್ಲ."