ರಾಮನಗರಕ್ಕೆ ಬೆಳಗ್ಗೆ ಹೋಗಿ, ಬಂಡೆ ಎಲ್ಲಿಗೂ ಓಡಿಹೋಗಲ್ಲ

ಬೆಂಗಳೂರಿಂದ ಮೈಸೂರಿಗೆ ಹೊರಟವರಿಗೆ ರಾಮನಗರ ಅಂದರೆ ಬಿಡದಿಯ ತಟ್ಟೆ ಇಡ್ಲಿ ಆದಮೇಲೆ ಕಾಣುವ ಬಂಡೆಗಳು, ಆ ಬಂಡೆಗಳ ನಡುವೆ ಐವತ್ತು ವರ್ಷದ ಹಿಂದೆ ತೆಗೆದ ಹಿಂದಿ ಸಿನಿಮಾ. 2023ರಲ್ಲಿ ಹೊಸ ಹೆದ್ದಾರಿ ಬಂದ ಮೇಲೆ ಅಷ್ಟೂ ಇಲ್ಲ. ಊರನ್ನು ಬಳಸಿಕೊಂಡು ರಸ್ತೆ ಮುಂದೆ ಹೋಗುತ್ತದೆ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮದ್ದೂರು.

ನೋಡಬೇಕಾದ್ದು ಊರೊಳಗಿದೆ, ಅದೂ ಬೆಳಗಿನ ಹೊತ್ತು ಮಾತ್ರ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆ ಗೂಡಿನ ಮಾರುಕಟ್ಟೆ. ಬೆಟ್ಟ ಹತ್ತಿಳಿದು, ಊಟ ಮುಗಿಸಿ ಮೂರು ಗಂಟೆಗೆ ಹೋದರೆ ಸಿಗುವುದು ಗುಡಿಸಿದ ನೆಲ ಮತ್ತು ಖಾಲಿ ಜಾಲರಿ. ಯಾಕೆ ಹೀಗೆ ಅನ್ನುವುದು ಗೊತ್ತಾದರೆ ಇಡೀ ಊರು ಅರ್ಥವಾದ ಹಾಗೆ. ಇಲ್ಲಿ ಮಾರಾಟವಾಗುವುದು ಜೀವ ಇರುವ ಸರಕು. ಒಳಗೆ ಗಡಿಯಾರ ಓಡುತ್ತಿರುತ್ತದೆ.

ಲೆಕ್ಕ ನೋಡಿ. ನಾಲ್ಕು ಜ್ವರ, ಅಂದರೆ ನಾಲ್ಕು ಸಲ ಪೊರೆ ಬಿಡುವುದು ಮುಗಿಸಿ ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತದೆ. ಒಳಗೆ ಅದು ಕೋಶವಾಗಿ (ಹುಳು ಚಿಟ್ಟೆಯಾಗುವ ಮುಂಚಿನ ಸ್ಥಿತಿ), ಕೋಶದ ಸಿಪ್ಪೆ ಗಟ್ಟಿಯಾಗುವವರೆಗೆ ಕಾದು, ಮಿಶ್ರತಳಿಯಾದರೆ ಐದಾರನೇ ದಿನ, ದ್ವಿತಳಿ, ಅಂದರೆ ವರ್ಷಕ್ಕೆ ಎರಡು ಪೀಳಿಗೆಯ ತಳಿಯಾದರೆ ಏಳೆಂಟನೇ ದಿನ ಗೂಡು ಬಿಡಿಸುತ್ತಾರೆ. ಅವಸರ ಮಾಡಿ ಮೊದಲೇ ಬಿಡಿಸಿದರೆ ಎಳೆ ಕೋಶ ಒಡೆದು ಗೂಡಿನ ಒಳಗೋಡೆಗೆ ಕಲೆ ಹತ್ತುತ್ತದೆ. ತಡ ಮಾಡಿದರೆ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬರುವುದಿಲ್ಲ. ಅಂದರೆ ರೈತನ ಕೈಯಲ್ಲಿರುವುದು ಮೂರು ನಾಲ್ಕು ದಿನ. ಅಷ್ಟರಲ್ಲೂ ಕೋಶ ಒಣಗುತ್ತಾ ದಿನದಿನಕ್ಕೆ ತೂಕ ಇಳಿಯುತ್ತಿರುತ್ತದೆ. ರಾಗಿ, ಕೊಬ್ಬರಿಯ ಹಾಗೆ 'ರೇಟು ಬರಲಿ ತಡಿ' ಎಂದು ಅಟ್ಟದ ಮೇಲೆ ಇಡುವಂತಿಲ್ಲ.

ಇದೇ ಕಾರಣಕ್ಕೆ ಸರ್ಕಾರಿ ಮಾರುಕಟ್ಟೆ ಬೇಕಾಯಿತು. ಗಡಿಯಾರ ರೈತನ ಬೆನ್ನ ಹಿಂದಿದೆ ಅಂತ ಗೊತ್ತಿರುವ ಮಧ್ಯವರ್ತಿ ಮನೆ ಬಾಗಿಲಿಗೇ ಬಂದು ಕೇಳಿದ ಬೆಲೆಗೆ ಕೊಡದೆ ವಿಧಿಯಿರಲಿಲ್ಲ. 1959ರ ಕಾಯ್ದೆ ಗೂಡಿನ ವ್ಯಾಪಾರವನ್ನು ಪರವಾನಗಿ ಇರುವ, ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳು ಮತ್ತು ಬಹಿರಂಗ ಹರಾಜಿನ ಕಟ್ಟುಪಾಡಿಗೆ ತಂದಿತು. ಈ ಮಾರುಕಟ್ಟೆಯನ್ನು ಹಳೇ ಕಾಲದ ಕುರುಹು ಎಂದು ನೋಡುವವರ ಬಗ್ಗೆ ನನ್ನ ತಕರಾರು ಇರುವುದೇ ಇಲ್ಲಿ. ಇದು ಕುರುಹಲ್ಲ, ಇವತ್ತಿಗೂ ಕೆಲಸ ಮಾಡುತ್ತಿರುವ ಯಂತ್ರ.

ಒಳಗೆ ಹೋದಮೇಲೆ ಏನು ನೋಡಬೇಕು? ರೈತ ತಂದ ಗೂಡಿಗೆ ಲಾಟ್ ನಂಬರ್ ಬೀಳುತ್ತದೆ, ಗೂಡನ್ನು ಜಾಲರಿಗೆ ಸುರಿದು ಹರಡುತ್ತಾರೆ. ರೀಲರ್‌ಗಳು ಜಾಲರಿಯಿಂದ ಜಾಲರಿಗೆ ಸುತ್ತುತ್ತಾರೆ. ಅವರ ಕೈ ನೋಡಿ, ಮುಖ ಬೇಡ. ಮೇಲಿನ ಗೂಡು ಯಾರೂ ಮುಟ್ಟುವುದಿಲ್ಲ, ಕೈ ನೇರ ತಳಕ್ಕೆ ಹೋಗುತ್ತದೆ. ಒಂದು ಹಿಡಿ ತೆಗೆದು ಬೆರಳಲ್ಲಿ ಅಮುಕುತ್ತಾರೆ: ಚಿಪ್ಪು ಬಿಗಿಯಾಗಿದೆಯೋ ಜಾಳೋ. ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ: ಒಳಗಿನ ಕೋಶ ಕಟಕಟ ಅಂದರೆ ಸರಿ, ಸದ್ದಿಲ್ಲದಿದ್ದರೆ ಹುಳು ಒಳಗೇ ಸತ್ತು ಅಂಟಿಕೊಂಡಿದೆ. ಎರಡು ಹುಳು ಸೇರಿ ಕಟ್ಟಿದ ಡಬಲ್ ಗೂಡು ಎಷ್ಟಿದೆ, ಊಜಿ ನೊಣದ ಮರಿ ಕೊರೆದ ಸಣ್ಣ ತೂತು ಎಷ್ಟಿದೆ ಎಂಬುದು ಒಂದೇ ನೋಟದಲ್ಲಿ ಅಂದಾಜಾಗುತ್ತದೆ. ಈ ಊಜಿ 1980ರಲ್ಲಿ ಬಂಗಾಳದ ಗೂಡಿನ ಜೊತೆ ಕರ್ನಾಟಕಕ್ಕೆ ಬಂದ ಪೀಡೆ, ಇನ್ನೂ ಹೋಗಿಲ್ಲ. ಟಿಪ್ಪು ಕಾಲದಲ್ಲಿ ರೇಷ್ಮೆ ಹುಳು ಬಂದದ್ದೂ ಬಂಗಾಳದಿಂದಲೇ, ಇರಲಿ.

ಬಣ್ಣವನ್ನೂ ಗಮನಿಸಿ. ಅಚ್ಚ ಬಿಳಿ ದ್ವಿತಳಿ. ಹಳದಿ ಛಾಯೆಯದ್ದು ಮಿಶ್ರತಳಿ, ಅಂದರೆ ನಮ್ಮ ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿ ಗಂಡು ಕೂಡಿಸಿದ್ದು. ಒಂದು ಕಿಲೋ ನೂಲಿಗೆ ಮಿಶ್ರತಳಿ ಏಳರಿಂದ ಎಂಟು ಕಿಲೋ ಬೇಕು, ಒಳ್ಳೆ ದ್ವಿತಳಿ ಆರು ಆರೂವರೆಗೇ ಮುಗಿಯುತ್ತದೆ. ರೀಲರ್ ಮನಸ್ಸಿನಲ್ಲೇ ಕೂಡಿ ಕಳೆಯುವುದು ಈ ಒಂದು ಅಂಕಿಯನ್ನ. ಅರ್ಧ ಕಿಲೋ ಹೆಚ್ಚುಕಮ್ಮಿಯಾದರೆ ಆ ದಿನದ ಲಾಭ ಹೋಯಿತು.

ಹಿಂದೆ ಕೂಗಿ ಹರಾಜು ನಡೆಯುತ್ತಿತ್ತು, ಈಗ ಬಿಡ್ ಹಾಕುವುದು ಮೊಬೈಲಿನಲ್ಲಿ, ಬೆಲೆ ಪರದೆಯ ಮೇಲೆ. ಹಾಗಾಗಿ ಮೊದಲ ಸಲ ಬಂದವರಿಗೆ 'ಏನೂ ನಡೀತಿಲ್ಲವಲ್ಲ' ಅನ್ನಿಸುತ್ತದೆ. ಪರದೆ ನೋಡಬೇಡಿ, ಜಾಲರಿ ಪಕ್ಕ ನಿಂತ ರೈತನನ್ನು ನೋಡಿ. ಬಂದ ಬೆಲೆ ಒಪ್ಪುವುದು ಬಿಡುವುದು ಅವನ ಇಷ್ಟ, ಒಪ್ಪದಿದ್ದರೆ ಮುಂದಿನ ಸುತ್ತಿಗೆ ಕಾಯಬಹುದು. ಆದರೆ ಗಡಿಯಾರ ಇದೆಯಲ್ಲ. ಆ ನಾಲ್ಕು ನಿಮಿಷದ ಮೌನದಲ್ಲಿ ಇಡೀ ಬೆಳೆಯ ಭವಿಷ್ಯ ಇರುತ್ತದೆ. ಬೆಲೆಯನ್ನು ಬರೀ ಈ ಹಜಾರ ತೀರ್ಮಾನಿಸುವುದೂ ಇಲ್ಲ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿದಾಗ ಚೀನಾದ ನೂಲು ನುಗ್ಗಿ ಇಲ್ಲಿ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು.

ಮಳೆಗಾಲದಲ್ಲಿ ಹೋದರೆ ಬೆಲೆ ಒಂದು ಲಾಟಿನಿಂದ ಇನ್ನೊಂದಕ್ಕೆ ಅಷ್ಟು ಏರುಪೇರಾಗುವುದು ಯಾಕೆ ಎಂದು ಕೇಳಿ. ಹುಳು ಗೂಡು ಕಟ್ಟುವ ಮೊದಲು ಉಚ್ಚೆ ಹೊಯ್ಯುತ್ತದೆ. ಚಂದ್ರಿಕೆಗಳನ್ನು ಗಾಳಿಯಾಡದ ಕೋಣೆಯಲ್ಲಿ ಒತ್ತೊತ್ತಾಗಿ ಇಟ್ಟರೆ ಆ ತೇವ ಹೋಗುವುದಿಲ್ಲ, ಎಳೆಗಳ ಅಂಟು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ, ಬಿಚ್ಚುವಾಗ ಎಳೆ ಪದೇಪದೇ ತುಂಡಾಗುತ್ತದೆ. ನೋಡಲು ಗೂಡು ಚೆನ್ನಾಗಿಯೇ ಇರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬಂದರೂ ಇದೇ ಪಾಡು, ಉಸಿರಾಡುವ ಕೋಶ ಬಿಸಿಯಾಗಿ ಬೆವರುತ್ತದೆ.

ಮಾರುಕಟ್ಟೆ ಮುಗಿದ ಮೇಲೆ ಗೂಡಿನ ಹಿಂದೆಯೇ ಹೋಗಿ. ಸುತ್ತಲ ಬೀದಿಗಳಲ್ಲಿ ಬಿಚ್ಚಾಣಿಕೆ ಮನೆಗಳಿವೆ, ವಿಳಾಸ ಬೇಡ, ಮೂಗು ಸಾಕು. ಬೆಂದ ಕೋಶದ ಆ ವಾಸನೆಗೆ ಮೊದಲ ಹತ್ತು ನಿಮಿಷ ಹೊಟ್ಟೆ ತೊಳಸುತ್ತದೆ, ಆದ್ದರಿಂದ ತಿಂಡಿ ಆಮೇಲೆ ಮಾಡುವುದು ಜಾಣತನ. ಕುದಿಯುವ ಹದದ ನೀರಿನಲ್ಲಿ ಗೂಡು ಬೇಯಿಸಿ, ಅಂಟು ಸಡಿಲಿಸಿ, ತುದಿ ಹುಡುಕಿ, ಎಂಟು ಹತ್ತು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡುತ್ತಾರೆ. ಒಂದು ಗೂಡಿನಲ್ಲಿ ಎಳೆಯ ಉದ್ದ 700-800 ಮೀಟರ್, ದ್ವಿತಳಿಯಲ್ಲಿ ಸಾವಿರ ದಾಟುತ್ತದೆ. ಬೇಯುವುದು ಕಮ್ಮಿಯಾದರೆ ಎಳೆ ಹರಿಯುತ್ತದೆ, ಜಾಸ್ತಿಯಾದರೆ ಗೂಡು ಮೆತ್ತಗಾಗಿ ಜೊಂಪೆ ಜೊಂಪೆಯಾಗಿ ಕಿತ್ತು ಬರುತ್ತದೆ, ನೂಲಿನಲ್ಲಿ ಗಂಟು. ಚರಕದ ನೂಲು ದಪ್ಪ, ಕಾಟೇಜ್ ಬೇಸಿನ್ ಎಂಬ ಸಣ್ಣ ಬಿಚ್ಚಾಣಿಕೆ ಯಂತ್ರದ್ದು ಅದಕ್ಕಿಂತ ಹದ, ಸ್ವಯಂಚಾಲಿತ ಯಂತ್ರದ್ದು ಏಕಸಮ. ಬಿಸಿ ನೀರಿನಲ್ಲಿ ದಿನವಿಡೀ ಕೈ ಅದ್ದುವ ಹೆಂಗಸರ ಬೆರಳ ತುದಿ ನೋಡಿದರೆ ರೇಷ್ಮೆ ಸೀರೆ ದುಬಾರಿ ಅನ್ನುವ ಮಾತು ಬಾಯಿಗೆ ಬರುವುದಿಲ್ಲ. ಕೇಳದೆ ಫೋಟೊ ತೆಗೆಯಬೇಡಿ. ಅದು ಅವರ ಮನೆ, ಪ್ರದರ್ಶನ ಅಲ್ಲ.

ಸೀರೆಯ ಮಾತು ಬಂತು, ಅದರ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಜರಿಯ ತೂಕ ಬಿಟ್ಟು ಅರ್ಧ ಕಿಲೋ ರೇಷ್ಮೆ ಇರುವ ಸೀರೆ ಎಂದುಕೊಳ್ಳಿ. ಅಂಟು ತೆಗೆಯುವಾಗ ಕಚ್ಚಾ ನೂಲಿನ ಕಾಲು ಭಾಗ ತೂಕ ಹೋಗುತ್ತದೆ, ಹಾಗಾಗಿ ಸುಮಾರು 670 ಗ್ರಾಂ ನೂಲು ಬೇಕು. ಅದಕ್ಕೆ ಐದು ಕಿಲೋದಷ್ಟು ಗೂಡು. ಕಿಲೋಗೆ ಆರುನೂರು ಗೂಡಿನಂತೆ ಹಿಡಿದರೆ ಮೂರು ಸಾವಿರ ಹುಳು.

ಹೋಗುವ ದಾರಿ ಸುಲಭ. ಬೆಂಗಳೂರಿಂದ ಸುಮಾರು 50 ಕಿಲೋಮೀಟರ್. ರೈಲು ಎಲ್ಲಕ್ಕಿಂತ ವಾಸಿ, ಮೈಸೂರು ಮಾರ್ಗದ ಬೆಳಗಿನ ಗಾಡಿ ಹಿಡಿದು ಇಳಿದು, ಆಟೊದವರಿಗೆ 'ಗೂಡು ಮಾರ್ಕೆಟ್' ಎಂದರೆ ಮುಗಿಯಿತು. ಕಾರಿನವರು ಬಿಡದಿ ಹತ್ತಿರವೇ ಹಳೇ ರಸ್ತೆಗೆ ಇಳಿಯಬೇಕು. ಬೈಕಿನವರಿಗೆ 2023ರ ಆಗಸ್ಟ್‌ನಿಂದ ಹೆದ್ದಾರಿಯ ಮುಖ್ಯಪಥ ನಿಷಿದ್ಧ, ಅವರು ಹೇಗೂ ಊರೊಳಗೇ ಬರುತ್ತಾರೆ. ರಂಜಾನ್, ಬಕ್ರೀದ್ ದಿನ ಬೇಡ, ರೀಲರ್‌ಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಹತ್ತಿರದ ಹಳ್ಳಿಯಲ್ಲಿ ಹುಳು ಮನೆ ನೋಡುವ ಆಸೆಯಿದ್ದರೆ ಅದನ್ನು ಮಾರುಕಟ್ಟೆಗಿಂತ ಮೊದಲು ನೋಡಿ, ಆಮೇಲೆ ಅಲ್ಲ. ಹತ್ತೂರ ಗೂಡು ಮುಟ್ಟಿದ ಕೈಯಲ್ಲಿ ರೋಗ ಹೊತ್ತುಕೊಂಡು ಹೋದರೆ ಒಂದು ಬೆಳೆ ಕೆಡಬಹುದು. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿರುವುದು ಅದಕ್ಕೇ.

ಮಧ್ಯಾಹ್ನದ ಮೇಲೆ ಸಮಯ ಮಿಕ್ಕರೆ ಹನ್ನೆರಡು ಕಿಲೋಮೀಟರ್ ಮುಂದೆ ಚನ್ನಪಟ್ಟಣ. ಲೇತಿನಲ್ಲಿ ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಬಣ್ಣ ಕರಗಿ ಹಿಡಿಯುವುದನ್ನು ನೋಡಬಹುದು. ಬೊಂಬೆಯನ್ನು ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಕೆಲಸ ನಡೆಯುವ ಜಾಗದಲ್ಲಿ ಕೊಳ್ಳಿ. ಬಂಡೆಗಳನ್ನು ವಾಪಸ್ಸು ಬರುವಾಗ ನೋಡಿದರಾಯಿತು. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಊರು ಕ್ಲೋಸ್‌ಪೇಟೆ ಆಗಿದ್ದಾಗ ಆ ಕಲ್ಲಿಗೆ ಬಿದ್ದ ಕ್ಲೋಸ್‌ಪೇಟ್ ಗ್ರಾನೈಟ್ ಎಂಬ ಹೆಸರು ಭೂವಿಜ್ಞಾನದಲ್ಲಿ ಹಾಗೇ ಉಳಿದಿದೆ. ವಯಸ್ಸು 250 ಕೋಟಿ ವರ್ಷ, ಇನ್ನೊಂದು ಗಂಟೆ ಕಾಯುತ್ತದೆ.

ಮಕ್ಕಳಿಗೆ ತೋರಿಸೋಣ ಎಂದು ನಾಲ್ಕು ಗೂಡು ಕೇಳಿದರೆ ರೈತರು ನಗುತ್ತಾ ಕೊಡುತ್ತಾರೆ. ಅದನ್ನು ಶೋಕೇಸಿನಲ್ಲಿ ಇಟ್ಟು ಮರೆಯಬೇಡಿ. ಎರಡು ದಿನ ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಇಲ್ಲವಾದರೆ ಮುಂದಿನ ವಾರ ಗೂಡಿನ ತುದಿಯಲ್ಲಿ ಕಂದು ಕಲೆ, ಪಕ್ಕದಲ್ಲಿ ಹಾರಲು ಬಾರದ, ಏನೂ ತಿನ್ನದ ಒಂದು ಬಿಳಿ ಚಿಟ್ಟೆ ಕೂತಿರುತ್ತದೆ.