ಒಂದೇ ಪಾತ್ರೆಗೆ ಎರಡು ಸೌಟು

ಮೊದಲನೇ ಕ್ರೆಡಿಟ್ ಕಾರ್ಡು ಮಾಡಿಸುವಾಗ ಬ್ಯಾಂಕಿನವರು ನಮ್ಮ ಹಿಂದೆ ಬಿದ್ದಿರುತ್ತಾರೆ. ಮಾಲಿನಲ್ಲಿ ಎಸ್ಕಲೇಟರ್ ಇಳಿಯುವಷ್ಟರಲ್ಲಿ ಟೈ ಕಟ್ಟಿದ ಹುಡುಗ ಎದುರು ನಿಂತು "ಸಾರ್, ಎರಡೇ ನಿಮಿಷ, ಲೈಫ್‌ಟೈಮ್ ಫ್ರೀ" ಅನ್ನುತ್ತಾನೆ. ಅದೇ ಬ್ಯಾಂಕಿನಲ್ಲಿ ಎರಡನೇ ಕಾರ್ಡು ಬೇಕು, ಅದೂ ಖರ್ಚಿಗೆ ತಕ್ಕಂತೆ ವಿಮಾನದ ಮೈಲು (ಟಿಕೆಟ್ಟಿಗೆ ಬಳಸುವ ಪಾಯಿಂಟು) ಕೊಡುವ ಟ್ರಾವೆಲ್ ಕಾರ್ಡೇ ಬೇಕು ಎಂದು ನಾವಾಗಿ ಬಾಯಿಬಿಟ್ಟು ಕೇಳಿದ ದಿನ ಆ ಹುಡುಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಸಿಗುವುದು ಆ್ಯಪು, ಆ್ಯಪಿನೊಳಗೆ ಉದ್ದದ ಅರ್ಜಿ, ನಾಲ್ಕು ದಿನ ಬಿಟ್ಟು "ಆಂತರಿಕ ನೀತಿಯ ಪ್ರಕಾರ ಸಾಧ್ಯವಾಗುತ್ತಿಲ್ಲ" ಎಂಬ ಒಂದು ಮೆಸೇಜು.

ಸಂಬಳ ಸಾಲಲಿಲ್ಲವೇನೋ ಎಂದು ಮನುಷ್ಯ ಕುಗ್ಗಿಹೋಗುತ್ತಾನೆ. ಬಹಳ ಸಲ ಸಂಬಳದ ಮಾತೇ ಅಲ್ಲಿರುವುದಿಲ್ಲ. ಎರಡನೇ ಕಾರ್ಡು ಕೈತಪ್ಪುವುದು ಒಂದೋ ಪಾತ್ರೆಯ ಅಳತೆಯಿಂದ, ಇಲ್ಲವೇ ಹೆಸರಿನ ಕೊನೆಯ ಒಂದು 'ಎ' ಅಕ್ಷರದಿಂದ.

ಮೊದಲು ಪಾತ್ರೆ. ನಿಮಗೆ ಒಟ್ಟು ಎಷ್ಟು ಸಾಲ ಕೊಡಬಹುದು ಅಂತ ಬ್ಯಾಂಕು ಮೊದಲೇ ಗೆರೆ ಎಳೆದಿಟ್ಟಿರುತ್ತದೆ. 3 ಲಕ್ಷ ಅನ್ನಿ. ನಮ್ಮಲ್ಲಿನ ಹಲವು ದೊಡ್ಡ ಬ್ಯಾಂಕುಗಳಲ್ಲಿ ಎರಡನೇ ಕಾರ್ಡು ಬಂತೆಂದರೆ ಅದೇ 3 ಲಕ್ಷದ ಪಾತ್ರೆಗೆ ಇನ್ನೊಂದು ಸೌಟು ಬಂದಂತೆ. ಸೌಟು ಎರಡಾಯಿತೆಂದು ಸಾರು ಹೆಚ್ಚುವುದಿಲ್ಲ. ಇದು ತಿಳಿಯದೆ ಆಗುವ ಅವಾಂತರ ನೋಡಿ: ಹಳೇ ಕಾರ್ಡಿನಲ್ಲಿ ಟೀವಿ, ಫ್ರಿಜ್ಜು, ಎಸಿ ಎಲ್ಲ ಸೇರಿ 2,40,000 ರೂಪಾಯಿಯ 'ನೋ ಕಾಸ್ಟ್ ಇಎಂಐ' ಓಡುತ್ತಿದೆ. ತಿಂಗಳಿಗೆ ಕಟ್ಟುವುದು 20,000, ಆದರೆ ಲಿಮಿಟ್ಟಿನಲ್ಲಿ ಮೊದಲ ದಿನವೇ ಪೂರ್ತಿ 2,40,000 ಹಿಡಿದಿಟ್ಟುಕೊಂಡಾಗಿರುತ್ತದೆ; ಕಂತು ಕಟ್ಟಿದ ಹಾಗೆ ಅಷ್ಟಷ್ಟೇ ಬಿಡುಗಡೆ. ಹೊಸ ಕಾರ್ಡು ಬಂದ ಖುಷಿಗೆ ಸಿಂಗಪುರದ ಟಿಕೆಟ್ಟು ನೋಡಿ, 78,000 ಎಂದು ಒತ್ತುತ್ತೀರಿ. ಡಿಕ್ಲೈನ್. ಮತ್ತೆ ಒತ್ತುತ್ತೀರಿ. ಡಿಕ್ಲೈನ್. ಮೂರನೇ ಸಲ ಒತ್ತುವ ಹೊತ್ತಿಗೆ ಟಿಕೆಟ್ಟು 81,000 ಆಗಿರುತ್ತದೆ. ಕಾರ್ಡೇನೋ ಹೊಚ್ಚಹೊಸದು, ಪಾತ್ರೆಯ ತಳದಲ್ಲಿ ಉಳಿದದ್ದು ಮಾತ್ರ 60,000.

ಕೆಲವು ಬ್ಯಾಂಕುಗಳು ಕಾರ್ಡಿಗೊಂದು ಬೇರೆ ಪಾತ್ರೆ ಇಡುತ್ತವೆ. ಅಲ್ಲಿ ತೊಂದರೆ ಉಲ್ಟಾ. ಎರಡನೆಯದಕ್ಕೆ ಅರ್ಜಿ ಹಾಕುವ ಮುಂಚೆ "ಲಿಮಿಟ್ ಏರಿಸಿಕೊಳ್ಳಿ" ಎಂಬ ಸಂದೇಶ ಬಂದು, ನೀವು ಖುಷಿಯಿಂದ ಹೂಂ ಅಂದುಬಿಟ್ಟರೆ, ಬ್ಯಾಂಕು ಕೊಡಬಹುದಾಗಿದ್ದದ್ದೆಲ್ಲ ಮೊದಲ ಕಾರ್ಡಿಗೇ ಸುರಿದುಹೋಗಿರುತ್ತದೆ. ಆಮೇಲೆ ಎರಡನೇ ಕಾರ್ಡಿಗೆ ಏನೂ ಮಿಕ್ಕಿರುವುದಿಲ್ಲ. ಒಂದೇ ಪಾತ್ರೆಯ ಬ್ಯಾಂಕಾದರೆ ಲಿಮಿಟ್ ಏರಿಸಿಕೊಂಡು ಅರ್ಜಿ ಹಾಕಿ. ಬೇರೆ ಬೇರೆ ಪಾತ್ರೆಯ ಬ್ಯಾಂಕಾದರೆ ಏರಿಸಿಕೊಳ್ಳದೆ ಹಾಕಿ, ಇಲ್ಲವೇ "ಹಳೇ ಕಾರ್ಡಿನ ಒಂದು ಲಕ್ಷ ಹೊಸದಕ್ಕೆ ತಿರುಗಿಸಿ" ಎಂದು ಕೇಳಿ. ಯಾವ ಜಾತಿಯ ಬ್ಯಾಂಕು ಎಂದು ಕಸ್ಟಮರ್ ಕೇರಿಗೆ ಒಂದು ಫೋನು ಮಾಡಿ ತಿಳಿದುಕೊಳ್ಳುವುದು ಒಳ್ಳೆಯದು.

ಆ ಫೋನಿನಲ್ಲೂ ಒಂದು ಹಳ್ಳ ಇದೆ. "ಇನ್ನೊಂದು ಕಾರ್ಡು ಬೇಕು" ಅಂದರೆ ಅವರ ಕಿವಿಗೆ ಮೂರು ಅರ್ಥ ಕೇಳಿಸುತ್ತದೆ. ಆ್ಯಡ್-ಆನ್ ಅಂದರೆ ನಿಮ್ಮದೇ ಖಾತೆಯ ಮೇಲೆ ಹೆಂಡತಿಗೋ ಅಪ್ಪನಿಗೋ ಕೊಡುವ ಕಾರ್ಡು. ಅಪ್‌ಗ್ರೇಡ್ ಅಂದರೆ ಹಳೆಯದನ್ನು ಕಿತ್ತುಕೊಂಡು ಅದರ ಜಾಗಕ್ಕೆ ದೊಡ್ಡದು. ಹೊಸ ಗ್ರಾಹಕರಿಗೆ ಕೊಡುವ ಸ್ವಾಗತದ ಪಾಯಿಂಟು ಇದರಲ್ಲಿ ಎಷ್ಟೋ ಕಡೆ ಸಿಗುವುದಿಲ್ಲ. ನಿಮಗೆ ಬೇಕಾದದ್ದು ಮೂರನೆಯದು: ಹಳೆಯದೂ ಇರಬೇಕು, ಹೊಸದೂ ಬರಬೇಕು. ಇದನ್ನು ಬಿಡಿಸಿ ಹೇಳದಿದ್ದರೆ ವಾರ ಬಿಟ್ಟು ಕೊರಿಯರ್ ಬರುತ್ತದೆ, ಒಳಗೆ ನಿಮ್ಮ ಮಾವನವರ ಹೆಸರಿನ ಕಾರ್ಡು. ಕೆಲವು ಬ್ಯಾಂಕುಗಳು ತಮ್ಮ ಸ್ವಂತ ಹೆಸರಿನ ಕಾರ್ಡು ಒಬ್ಬರಿಗೆ ಒಂದೇ ಎಂದು ಪಟ್ಟು ಹಿಡಿಯುತ್ತವೆ, ಆದರೆ ವಿಮಾನ ಕಂಪನಿಯ ಜೊತೆಗೋ ಹೋಟೆಲಿನ ಜೊತೆಗೋ ಸೇರಿ ತಂದ ಕಾರ್ಡನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಒಂದು ಸ್ವಂತದ್ದು, ಒಂದು ಜಂಟಿ, ಹೀಗೆ ಜೋಡಿ ಮಾಡಿಕೊಂಡರೆ ಕೆಲಸ ಸಲೀಸು.

ಇನ್ನು ಹೆಸರು. ಈ ವಿಷಯದಲ್ಲಿ ಕನ್ನಡದವರಷ್ಟು ಪಾಡು ಪಟ್ಟವರು ಕಡಿಮೆ. ಕೆ. ಆರ್. ಮಂಜುನಾಥ ಎನ್ನುವವರನ್ನು ತೆಗೆದುಕೊಳ್ಳಿ. 'ಕೆ' ಅಂದರೆ ಕೊಳ್ಳೇಗಾಲ, 'ಆರ್' ಅಂದರೆ ಅಪ್ಪ ರಾಮಯ್ಯ. ಊರಿನವರಿಗೆಲ್ಲ ಅರ್ಥವಾಗುವ ಹೆಸರು, ಕಂಪ್ಯೂಟರಿಗೆ ಮಾತ್ರ ಆಗದು. ಆಧಾರಿನಲ್ಲಿ 'ಮಂಜುನಾಥ ಕೆ ಆರ್', ಇಂಗ್ಲಿಷಿನಲ್ಲಿ ಕೊನೆಗೆ 'ಎ' ಇದೆ. ಬ್ಯಾಂಕಿನ ಖಾತೆಯಲ್ಲಿ 'ಕೆ ಆರ್ ಮಂಜುನಾಥ್', 'ಎ' ಇಲ್ಲ. ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರು ಕಡ್ಡಾಯ, ಇನಿಷಿಯಲ್ ನಡೆಯುವುದಿಲ್ಲ, ಹಾಗಾಗಿ ಅಂದು ಏಜೆಂಟ್ ಕೈಗೆ ಬಂದಂತೆ 'ಕೊಳ್ಳೇಗಾಲ ರಾಮಯ್ಯ ಮಂಜುನಾಥ' ಎಂದು ತುಂಬಿದ. ಪ್ಯಾನ್ ನಂಬರಿನ ಐದನೇ ಅಕ್ಷರ ನೋಡಿದರೆ ಅವನು ಏನು ತುಂಬಿದ ಎಂಬುದರ ಸುಳಿವು ಸಿಗುತ್ತದೆ: ನಾಲ್ಕನೆಯದು ವ್ಯಕ್ತಿ ಎಂಬುದಕ್ಕೆ 'ಪಿ', ಐದನೆಯದು ಕೊನೆಯ ಹೆಸರಿನ ಮೊದಲ ಅಕ್ಷರ. ಆಫೀಸಿನಲ್ಲಿ ಅವರು 'ಮಂಜು ಕೆ'. ಬ್ಯಾಂಕಿನವರು ಎಚ್ಆರ್‌ಗೆ ಫೋನ್ ಮಾಡಿ 'ಕೊಳ್ಳೇಗಾಲ ರಾಮಯ್ಯ ಇದ್ದಾರಾ' ಎಂದು ಕೇಳಿದರೆ, ಆ ಹೆಸರಿನವರು ಇಲ್ಲಿಲ್ಲ ಎಂಬ ಪ್ರಾಮಾಣಿಕ ಉತ್ತರ ಹೋಗುತ್ತದೆ.

ಅರ್ಜಿಯಲ್ಲಿ ಹೆಸರು ಪ್ಯಾನಿನಲ್ಲಿ ಇರುವ ಹಾಗೇ ಇರಲಿ, ಆಧಾರನ್ನೂ ಬ್ಯಾಂಕ್ ಖಾತೆಯನ್ನೂ ಅದಕ್ಕೆ ಸರಿಹೊಂದಿಸಿಯೇ ಅರ್ಜಿ ಹಾಕಿ. ವಿಮಾನ ಕಂಪನಿಯ ಮೈಲು ಖಾತೆಯ ಹೆಸರೂ ಕಾರ್ಡಿನ ಹೆಸರಿಗೆ ತಾಳೆಯಾಗಬೇಕು. ಸರ್‌ನೇಮ್ ಬೇಕೇ ಬೇಕು ಎಂದು ವೆಬ್‌ಸೈಟು ಹಟ ಹಿಡಿದಾಗ ಮೈಲು ಖಾತೆಯನ್ನು 'ಮಂಜುನಾಥ ಮಂಜುನಾಥ' ಎಂದು ತೆರೆದವರು ಎಷ್ಟೋ ಜನ. ಕಾರ್ಡಿನಲ್ಲಿ ಒಬ್ಬನೇ ಮಂಜುನಾಥ. ಮೈಲುಗಳಿಗೆ ಗೊಂದಲವಾಗಿ ಯಾರ ಮನೆಗೂ ಹೋಗುವುದಿಲ್ಲ.

ಅರ್ಜಿ ಒತ್ತಿದ ಕೂಡಲೇ ಬ್ಯಾಂಕು ಸಿಬಿಲ್, ಅಂದರೆ ನಿಮ್ಮ ಸಾಲದ ಚರಿತ್ರೆಯ ವರದಿ, ನೋಡುತ್ತದೆ. ಅಂಕ 300ರಿಂದ 900ರವರೆಗೆ. ಮೂರು ಕಡೆ ಒಂದೇ ಸಂಜೆ ಅರ್ಜಿ ಹಾಕಿದರೆ ಮೂರು ವಿಚಾರಣೆ ಸಾಲಾಗಿ ದಾಖಲಾಗಿ, ಈ ಮನುಷ್ಯನಿಗೆ ಏನೋ ತುರ್ತು ಇದೆ ಎಂದು ಬ್ಯಾಂಕು ಓದಿಕೊಳ್ಳುತ್ತದೆ. ಹಾಗಾಗಿ ಮೊದಲು ಆ್ಯಪಿನಲ್ಲಿ 'ಪ್ರೀ-ಅಪ್ರೂವ್ಡ್' ಎಂದು ತಾನಾಗಿ ಬಂದಿದೆಯೇ ನೋಡಬೇಕು. ಬಂದಿದ್ದರೆ ಕಾಗದಪತ್ರದ ಅರ್ಧ ಗೋಳು ತಪ್ಪುತ್ತದೆ. ಯಾರಾದರೂ ನಿಮ್ಮ ವರದಿ ತೆರೆದರೆ ನಿಮಗೆ ಎಸ್ಸೆಮ್ಮೆಸ್ಸೋ ಇಮೇಲೋ ಬರಬೇಕು ಎಂಬ ನಿಯಮ 2024ರ ಏಪ್ರಿಲ್ ಕೊನೆಯಿಂದ ಜಾರಿಯಲ್ಲಿದೆ. ಒಳ್ಳೆಯ ನಿಯಮವೇ. ಆದರೆ ಹತ್ತು ವರ್ಷದ ಹಿಂದೆ ಮೊದಲ ಸಾಲಕ್ಕೆ ಅಪ್ಪನ ಮೊಬೈಲ್ ನಂಬರ್ ಕೊಟ್ಟಿದ್ದವರಿಗೆ, ರಾತ್ರಿ ಊಟದ ಹೊತ್ತಿಗೆ ಫೋನು ಬರುತ್ತದೆ: "ಏನೋ, ಮತ್ತೆ ಸಾಲ ಮಾಡ್ತಿದೀಯಂತೆ?"

ತಿರಸ್ಕಾರವಾದರೆ ಸುಮ್ಮನೆ ಕೂರಬೇಕಿಲ್ಲ. ರಿಸರ್ವ್ ಬ್ಯಾಂಕಿನ ಕಾರ್ಡು ನಿರ್ದೇಶನಗಳ ಪ್ರಕಾರ ನಿರಾಕರಣೆಗೆ ನಿರ್ದಿಷ್ಟ ಕಾರಣವನ್ನು ಬ್ಯಾಂಕು ಬರಹದಲ್ಲಿ ತಿಳಿಸಬೇಕು. 'ಆಂತರಿಕ ನೀತಿ' ಎಂಬುದು ಕಾರಣವಲ್ಲ, ಮದುವೆ ಮನೆಯಲ್ಲಿ "ಊಟ ಆಯ್ತಾ?" ಎಂದು ಕೇಳುವ ಹಾಗೆ ಒಂದು ಮರ್ಯಾದೆಯ ಮಾತು. ಇಮೇಲ್ ಬರೆದು ಕೇಳಿ. ಕಾರಣ ಗೊತ್ತಾಗುವ ತನಕ ಮತ್ತೆ ಅರ್ಜಿ ಒತ್ತಬೇಡಿ, ಒತ್ತಿದಷ್ಟೂ ವಿಚಾರಣೆಯ ಸಾಲು ಉದ್ದವಾಗುತ್ತದೆ.

ಒಪ್ಪಿಗೆಯ ಹತ್ತಿರ ಬಂದಾಗ ವಿಡಿಯೋ ಕೆವೈಸಿ, ಅಂದರೆ ವಿಡಿಯೋ ಕರೆಯಲ್ಲೇ ಗುರುತಿನ ಪರೀಕ್ಷೆ. ಬೇಕಾದದ್ದು ಮೂಲ ಪ್ಯಾನ್ ಕಾರ್ಡು, ಒಂದು ಬಿಳಿ ಹಾಳೆ, ಪೆನ್ನು, ಮುಖದ ಮೇಲೆ ಬೆಳಕು, ಆನ್ ಆಗಿರುವ ಲೊಕೇಶನ್, ಆಫ್ ಆಗಿರುವ ವಿಪಿಎನ್. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಕೂತವರು ಕೆಡುವುದು ಇಲ್ಲೇ: ಮಲ್ಲೇಶ್ವರದಲ್ಲಿ ಕೂತಿದ್ದರೂ ವಿಪಿಎನ್ ಅವರನ್ನು ಬೇರೆ ದೇಶದಲ್ಲಿ ತೋರಿಸುತ್ತದೆ, ಭಾರತದೊಳಗೆ ಇಲ್ಲದವರ ಕೆವೈಸಿ ಮಾಡುವಂತಿಲ್ಲ. ಸರಿ, ಮೊಬೈಲು ಹಿಡಿದು ಕಿಟಕಿಗೆ ಬೆನ್ನು ಹಾಕಿ ಕೂರುತ್ತೀರಿ. "ಸಾರ್, ಮುಖ ಕಪ್ಪಾಗಿ ಕಾಣ್ತಿದೆ." ಈ ಕಡೆ ತಿರುಗುತ್ತೀರಿ. ಪ್ಯಾನ್ ಕಾರ್ಡು ತೋರಿಸಿದರೆ ಅದರ ಮೇಲೆ ಟ್ಯೂಬ್‌ಲೈಟು ಹೊಳೆಯುತ್ತದೆ. "ಸ್ವಲ್ಪ ಓರೆ ಮಾಡಿ ಸಾರ್, ಇನ್ನೂ ಸ್ವಲ್ಪ, ಅಯ್ಯೋ ಜಾಸ್ತಿ ಆಯ್ತು." ಫೋಟೋದಲ್ಲಿ 2008ರ ಮೀಸೆ, ಎದುರಿಗೆ ಬೋಳು ಮೂತಿ. ಬಿಳಿ ಹಾಳೆಯ ಮೇಲೆ ಸಹಿ ಮಾಡಿ ಎತ್ತಿ ಹಿಡಿಯುವಷ್ಟರಲ್ಲಿ ಫ್ಯಾನಿನ ಗಾಳಿಗೆ ಹಾಳೆ ಹಾರುತ್ತದೆ. ಫ್ಯಾನ್ ಆರಿಸಿದರೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತದೆ. ಆ ಕೂಗಿನ ನಡುವೆಯೇ ಅವರು ತಾಯಿಯ ಹೆಸರು ಕೇಳುತ್ತಾರೆ, ನೀವು "ಸರೋಜಮ್ಮ" ಅನ್ನುತ್ತೀರಿ, ದಾಖಲೆಯಲ್ಲಿ ಇರುವುದು ಸರೋಜ. ಮತ್ತೊಮ್ಮೆ ಮೊದಲಿಂದ.

ಮನೆ ವಿಳಾಸ ನೋಡಲು ಬರುವವರ ಕಾಲ ಕೆಲವು ಕಡೆ ಇನ್ನೂ ಮುಗಿದಿಲ್ಲ. ನೀವು ಆಫೀಸಿಗೆ ಹೋಗಿರುವಾಗಲೇ ಬರುತ್ತಾರೆ, ಬಾಗಿಲು ತೆಗೆಯುವುದು ಅಜ್ಜಿಯೇ.

"ಮಂಜುನಾಥ್ ಇಲ್ಲೇ ಇರೋದಾ ಅಮ್ಮ?"

"ಅವನೆಲ್ಲಿ ಮನೇಲಿರ್ತಾನಪ್ಪ! ಬರೀ ಊರೂರು ತಿರುಗೋದೇ ಕೆಲಸ."

ಟ್ರಾವೆಲ್ ಕಾರ್ಡಿಗೆ ಇದಕ್ಕಿಂತ ಒಳ್ಳೆಯ ಶಿಫಾರಸು ಬೇಕಿಲ್ಲ. ಆದರೆ ಬಂದವರ ಫಾರಂನಲ್ಲಿ 'ಈ ವಿಳಾಸದಲ್ಲಿ ವಾಸವಿಲ್ಲ' ಎಂಬ ಚೌಕಕ್ಕೆ ಟಿಕ್ ಬೀಳುತ್ತದೆ. ಅರ್ಜಿ ಹಾಕಿದ ದಿನವೇ ಮನೆಯವರಿಗೂ ಕೆಳಗಿನ ಮನೆಯವರಿಗೂ ಒಂದು ಮಾತು ಹೇಳಿಟ್ಟರೆ ಆಯಿತು.

ಇಷ್ಟೆಲ್ಲ ಆಗಿ ಎರಡೂ ಕಾರ್ಡು ಕೈಗೆ ಬಂದವರ ಗೋಳು ಬೇರೆ. ಒಂದೊಂದಕ್ಕೂ ವರ್ಷಕ್ಕೆ 3,000 ಶುಲ್ಕ, 18% ಜಿಎಸ್‌ಟಿ ಸೇರಿ 3,540. ವರ್ಷಕ್ಕೆ 3 ಲಕ್ಷ ಖರ್ಚು ಮಾಡಿದರೆ ಶುಲ್ಕ ಮಾಫಿ ಎನ್ನಿ. ಮನೆಯ ಖರ್ಚು ವರ್ಷಕ್ಕೆ 4 ಲಕ್ಷ. ನ್ಯಾಯವಾಗಿ ಇಬ್ಬರು ಮಕ್ಕಳಿಗೆ ಹಂಚಿದ ಹಾಗೆ ಅದಕ್ಕೆ ಎರಡು, ಇದಕ್ಕೆ ಎರಡು ಎಂದು ಹಂಚಿದರೆ ಮಾಫಿ ಎರಡಕ್ಕೂ ಇಲ್ಲ, 7,080 ಹೋಯಿತು. ಒಂದಕ್ಕೆ ಮೂರು ತುಂಬಿಸಿ ಇನ್ನೊಂದಕ್ಕೆ ಮಿಕ್ಕಿದ್ದು ಹಾಕುವ ಪಕ್ಷಪಾತವೇ ಇಲ್ಲಿ ಸರಿ. ಆಟೋ-ಪೇ ಇರುವುದು ಮೊದಲ ಕಾರ್ಡಿಗೆ ಮಾತ್ರ ಎಂಬುದು ನೆನಪಾಗುವುದು ಎರಡನೆಯದರ ಮೇಲೆ ತಡದ ದಂಡ ಬಿದ್ದ ಮೇಲೆ. ಗಡುವು ಮುಗಿದು ಮೂರು ದಿನಕ್ಕಿಂತ ಹೆಚ್ಚಾದರೆ ಅದು ಸಿಬಿಲ್ಲಿಗೂ ಹೋಗಬಹುದು. ಬಡ್ಡಿ ತಿಂಗಳಿಗೆ 3.75% ಇದ್ದರೆ ವರ್ಷಕ್ಕೆ 45%, ಯಾವ ಮೈಲೂ ಅದನ್ನು ತುಂಬಿಕೊಡುವುದಿಲ್ಲ.

ಎರಡನ್ನೂ ಒಂದೇ ವಿಮಾನ ಕಂಪನಿಗೆ ಕಟ್ಟಿಹಾಕುವುದೂ ಜಾಣತನವಲ್ಲ. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿಯಿತು, ಜೆಟ್ 2019ರ ಏಪ್ರಿಲ್‌ನಲ್ಲಿ, ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಒಂದು ಕಾರ್ಡಾದರೂ ಹಲವು ಕಡೆಗೆ ವರ್ಗಾಯಿಸಬಹುದಾದ ಪಾಯಿಂಟಿನದಾಗಿರಲಿ.

ಒಂದೇ ಬ್ಯಾಂಕಿನ ಎರಡು ಕಾರ್ಡುಗಳ ಬಣ್ಣವೂ ಹೆಚ್ಚುಕಡಿಮೆ ಒಂದೇ. ಒಂದರ ವಿದೇಶಿ ಮಾರ್ಕಪ್ (ವಿದೇಶದ ಖರ್ಚಿನ ಮೇಲೆ ಬ್ಯಾಂಕು ಹಾಕುವ ಶುಲ್ಕ) 3.5%, ಜಿಎಸ್‌ಟಿ ಸೇರಿ 4.13%, ಇನ್ನೊಂದರದು 2%, ಸೇರಿ 2.36%. ಪರದೇಶದ ಅಂಗಡಿಯಲ್ಲಿ ತಪ್ಪಾದದ್ದನ್ನು ಉಜ್ಜಿದರೆ ಲಕ್ಷಕ್ಕೆ 1,770 ರೂಪಾಯಿ ಹೆಚ್ಚು ಕೊಟ್ಟಂತೆ. ಉಜ್ಜಲು ಬಂದರೆ ತಾನೇ ಅದೂ: 2020ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡು ಮನೆಗೆ ಬರುವಾಗ ಆನ್‌ಲೈನ್, ವಿದೇಶ, ಟ್ಯಾಪ್ ಮೂರೂ ಆಫ್ ಆಗಿರುತ್ತವೆ. ಜಗತ್ತು ಸುತ್ತಲು ಮಾಡಿಸಿದ ಕಾರ್ಡು ನಾವು ಆ್ಯಪಿನಲ್ಲಿ ಸ್ವಿಚ್ ಒತ್ತುವ ತನಕ ದೇಶ ಬಿಟ್ಟು ಕದಲುವುದಿಲ್ಲ.

ಕೊನೆಗೆ ಕೆಂಪೇಗೌಡ ವಿಮಾನ ನಿಲ್ದಾಣ, ಬೆಳಗಿನ ಜಾವ ನಾಲ್ಕೂವರೆ, ಲೌಂಜಿನ ಮುಂದೆ ಕ್ಯೂ. ಹಳೇ ಕಾರ್ಡಿನಲ್ಲಿ ಲೌಂಜಿಗೆ ಪುಕ್ಕಟೆ ಹೋಗುವ ಮೂರು ತಿಂಗಳ ಕೋಟಾ ಮುಗಿದಿದೆ. ಹೆಮ್ಮೆಯಿಂದ ಆ್ಯಪು ತೆರೆದು ಹೊಸ ಕಾರ್ಡು ತೋರಿಸುತ್ತೀರಿ.

"ಸಾರ್, ಫಿಸಿಕಲ್ ಕಾರ್ಡ್ ಬೇಕು. ಎರಡು ರೂಪಾಯಿ ಸ್ವೈಪ್ ಮಾಡ್ಬೇಕು."

ಫಿಸಿಕಲ್ ಕಾರ್ಡು ಮನೆಯ ದೇವರ ಕೋಣೆಯಲ್ಲಿ ಗಣಪತಿಯ ಮುಂದಿದೆ. ಶುಕ್ರವಾರ ಬಂದದ್ದು, ಅಜ್ಜಿ ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದಾರೆ, ಚಿಪ್ಪಿನ ಮೇಲೆಯೇ.