ಮೂರಕ್ಷರದ ಪಾಂಡಿತ್ಯ

ಅರೆಬರೆ ತಿಳಿದವರಿಗೆ ಲೋಕದಲ್ಲಿ ಮರ್ಯಾದೆ ಕಡಿಮೆ. ಅಲ್ಪವಿದ್ಯಾ ಮಹಾಗರ್ವಿ ಅಂತ ನಮಗಾಗಿಯೇ ಒಂದು ಮಾತು ಮಾಡಿಟ್ಟಿದ್ದಾರೆ. ಅರ್ಧ ಕಲಿತ ಡಾಕ್ಟರ ಹತ್ತಿರ ಯಾರೂ ಹೋಗುವುದಿಲ್ಲ, ಅರ್ಧ ಕಲಿತ ಡ್ರೈವರನ ಪಕ್ಕ ಯಾರೂ ಕೂರುವುದಿಲ್ಲ. ಇಂಥ ನಮ್ಮನ್ನು ಕರೆದು ಮಣೆ ಹಾಕಿ ಕೂರಿಸುವ ಜಾಗ ಒಂದೇ, ದಿನಪತ್ರಿಕೆಯ ಪದಬಂಧ. ಅರ್ಜುನನ ಬಿಲ್ಲು ಗಾಂಡೀವ ಅಂತ ಗೊತ್ತಿದ್ದರೆ ಆಯಿತು, ಕುಮಾರವ್ಯಾಸನನ್ನು ಓದಿದ್ದೀಯಾ ಎಂದು ಅದು ಕೇಳುವುದಿಲ್ಲ. ಪೆರು ದೇಶದ ರಾಜಧಾನಿ, ಎರಡಕ್ಷರ? ಲಿಮಾ. ಥಟ್ಟನೆ ಬರೆಯುತ್ತೇನೆ. ಆ ಪೆರು ಭೂಪಟದಲ್ಲಿ ಯಾವ ಕಡೆಗಿದೆ ಅಂತ ಮಾತ್ರ ದಯವಿಟ್ಟು ಕೇಳಬೇಡಿ.

ಕೋಲಾರದ ನಮ್ಮ ಮನೆಗೆ ಬರುವುದು ಒಂದೇ ಪತ್ರಿಕೆ, ಅದು ಗೇಟು ದಾಟಿ ಒಳಗೆ ಬರುವಷ್ಟರಲ್ಲೇ ಭಾಗವಾಗಿ ಹೋಗಿರುತ್ತದೆ. ಮುಖಪುಟ ಇವರಿಗೆ, ಆಟದ ಪುಟ ಮಗನಿಗೆ, ಭವಿಷ್ಯವೂ ನಿಧನವಾರ್ತೆಯೂ ಅತ್ತೆಗೆ. ನಿಧನವಾರ್ತೆಯನ್ನು ಮೊದಲು ಓದಿ ಆಮೇಲೆ ರಾಶಿಫಲ ನೋಡುವುದು ಅವರ ಕ್ರಮ. ಉಳಿದ ಒಳಪುಟ ನನ್ನದು. ಕುಕ್ಕರ್ ಕೂಗುವ ಮುಂಚೆ ಎಡದಿಂದ ಬಲಕ್ಕೆ, ಕೂಗಿದ ಮೇಲೆ ಮೇಲಿನಿಂದ ಕೆಳಕ್ಕೆ. ಪುಟ ನನ್ನದಾದರೂ ಪದಬಂಧ ನನ್ನೊಬ್ಬಳದಲ್ಲ. ಗಟ್ಟಿಯಾಗಿ ಓದಿದ ಸುಳಿವು ಮನೆಯಲ್ಲಿ ಎಲ್ಲರ ಕಿವಿಗೂ ಬೀಳುತ್ತದೆ. ಕೆಲವೊಮ್ಮೆ ಬಚ್ಚಲುಮನೆಯಿಂದಲೂ ಉತ್ತರ ಬರುತ್ತದೆ.

‘ಕಮಲ, ಮೂರಕ್ಷರ’ ಎಂದು ಬಂತೆನ್ನಿ. ಪಂಕಜ, ನೀರಜ, ವನಜ, ಜಲಜ, ಅಂಬುಜ, ಸರೋಜ, ವಾರಿಜ. ಕೆಸರಲ್ಲೇ ಹುಟ್ಟಲಿ, ಕೊಳದಲ್ಲೇ ಹುಟ್ಟಲಿ, ಎಲ್ಲದರ ಕೊನೆಗೂ ‘ಜ’. ನುರಿತವರು ಮೂರನೇ ಮನೆಯಲ್ಲಿ ‘ಜ’ ಒಂದನ್ನು ಬರೆದು, ಉಳಿದೆರಡನ್ನು ಖಾಲಿ ಬಿಟ್ಟು, ಮೇಲಿನಿಂದ ಯಾರು ಇಳಿದು ಬರುತ್ತಾರೋ ನೋಡೋಣ ಎಂದು ಕಾಯುತ್ತಾರೆ. ಅತ್ತೆಗೆ ಅಷ್ಟು ತಾಳ್ಮೆಯಿಲ್ಲ. ಅವರ ಕಾಲದ ಶಾಲೆಯಲ್ಲಿ ಈ ಹೂವುಗಳೆಲ್ಲ ಒಂದೇ ಬೆಂಚಿನಲ್ಲಿ ಕೂತಿದ್ದವಂತೆ. ವನಜ ಬರಿ, ಅಂಬುಜ ಬರಿ ಎಂದು ಹಾಜರಿ ಕೂಗುತ್ತಾರೆ, ನಡುವೆ ಜಲಜ ಈಗ ಮಗಳ ಮನೆಯಲ್ಲಿದ್ದಾಳೆ ಎಂಬ ಸಮಾಚಾರವೂ ಬರುತ್ತದೆ. ಮಗನಿಗೆ ಕಮಲಗಿಮಲ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು 2021ರಲ್ಲಿ ಟೋಕಿಯೊದಲ್ಲಿ ಜಾವೆಲಿನ್ ಎಸೆದು ಚಿನ್ನ ತಂದ ನೀರಜ್ ಚೋಪ್ರಾ. ಅಷ್ಟೇ ಸಾಕು, ಉತ್ತರ ಸಿಕ್ಕಿತು. ‘ಅರ್ಜುನ, ನಾಲ್ಕಕ್ಷರ’ ಎಂದಾಗಲೂ ಹೀಗೇ. ಅತ್ತೆ ಸವ್ಯಸಾಚಿ ಎಂದರೆ ಅವನು ಧನಂಜಯ ಅನ್ನುತ್ತಾನೆ. ಭಗವದ್ಗೀತೆಯಿಂದ ಬಂದ ಧನಂಜಯನಲ್ಲ, ಡಾಲಿ ಧನಂಜಯ.

ಪಕ್ಕದ ಮನೆಯ ಅಣ್ಣ ಟೊಮೆಟೊ ಮಂಡಿಯಲ್ಲಿದ್ದಾರೆ. ಹರಾಜು ಮುಗಿಸಿಕೊಂಡು ಬಂದು, ಹದಿನೈದು ಕೆಜಿ ಬಾಕ್ಸು ಇವತ್ತು ಎಷ್ಟಕ್ಕೆ ಹೋಯಿತು ಎಂದು ನಾವು ಕೇಳದಿದ್ದರೂ ಹೇಳಿ, ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಲ್ಲುತ್ತಾರೆ. ಮನೆಮಾತು ತೆಲುಗು. ಒಂದು ದಿನ ‘ಹಸು, ಎರಡಕ್ಷರ’ ಇತ್ತು. ಗೋವು ಕೂರಲಿಲ್ಲ, ಧೇನು ಕೂರಲಿಲ್ಲ. “ಆವು ಅಂತ ಹಾಕಕ್ಕಾ” ಎಂದರು ಅಣ್ಣ, ನಗಿಸಲೆಂದು. ಹಾಕಿದರೆ ಸರಿಯಾಗಿ ಕೂತಿತು. ಹಳಗನ್ನಡದಲ್ಲೂ ಹಸುವಿಗೆ ಆವು ಎಂದೇ ಹೇಳುತ್ತಿದ್ದರು ಎಂದು ನಾನು ಹೇಳಿದ್ದು ತಪ್ಪಾಯಿತು, ಅಂದಿನಿಂದ ಅವರು ಎಲ್ಲ ಸುಳಿವಿಗೂ ತೆಲುಗಿನಲ್ಲೇ ಉತ್ತರ ಕೊಡುತ್ತಾರೆ, ಕೂರದಿದ್ದರೆ ಪತ್ರಿಕೆಯದೇ ತಪ್ಪು ಅನ್ನುತ್ತಾರೆ.

ಪದಬಂಧದಲ್ಲಿ ನಮ್ಮ ಜಿಲ್ಲೆಗೆ ಒಂದು ಕಾಯಂ ಸೀಟಿದೆ. ‘ರಾಜ್ಯದ ಚಿನ್ನದ ಗಣಿ’ ಎಂಬ ಸುಳಿವಿಗೆ ಎರಡಕ್ಷರವಾದರೆ ಹಟ್ಟಿ, ಮೂರಾದರೆ ಕೋಲಾರ. ಹಟ್ಟಿಯಲ್ಲಿ ಇನ್ನೂ ಚಿನ್ನ ತೆಗೆಯುತ್ತಿದ್ದಾರೆ. ನಮ್ಮದು 2001ರಲ್ಲೇ ಮುಚ್ಚಿತು. ಆದರೆ ಪದಬಂಧದ ಮಟ್ಟಿಗೆ ಕೋಲಾರದ ಗಣಿಯಲ್ಲಿ ಪಾಳಿ ನಿಂತಿಲ್ಲ. ಮಗನ ಪ್ರಕಾರ ಉತ್ತರ ಕೆಜಿಎಫ್. ಅವನ ಪಾಲಿಗೆ ಅದು ಊರಲ್ಲ, 2018ರಲ್ಲಿ ಬಂದ ಯಶ್ ಸಿನಿಮಾ. ಅಷ್ಟೊಂದು ಜನ ಭೂಮಿಯೊಳಕ್ಕೆ ಇಳಿದು ದುಡಿದ ಜಾಗ ಅದು ಎಂದು ಶುರು ಮಾಡಿದರೆ, “ಅಮ್ಮಾ, ನಾಲ್ಕಕ್ಷರ ಇದೆಯಾ ಇಲ್ವಾ, ಅಷ್ಟು ಹೇಳು” ಅನ್ನುತ್ತಾನೆ. ನನ್ನ ಶಿಷ್ಯನೇ ಅಲ್ಲವೇ, ಏನು ಹೇಳಲಿ.

ಬಿಡಿಸುವವರು ಮಾತ್ರವಲ್ಲ, ಹೆಣೆಯುವವರೂ ಈ ಮಣ್ಣಿನವರೇ. ಕನ್ನಡದಲ್ಲಿ ಸಾವಿರಾರು ಪದಬಂಧ ರಚಿಸಿ ಹೆಸರಾದ ಅ.ನಾ. ಪ್ರಹ್ಲಾದರಾವ್ ಇಲ್ಲೇ ಹತ್ತಿರದ ಅಬ್ಬಣಿಯವರು. ಸರ್ಕಾರದ ವಾರ್ತಾ ಇಲಾಖೆಯಲ್ಲಿದ್ದವರು, ಡಾ. ರಾಜ್‌ಕುಮಾರ್ ಅವರ ಜೀವನಚರಿತ್ರೆ ಬರೆದವರು. ಪದಬಂಧಕ್ಕೂ ಸಿನಿಮಾಕ್ಕೂ ಇಷ್ಟು ಬೇಗ ಬೀಗತನ ಕುದುರಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಬಿರುದು ಕೊಡುವುದರಲ್ಲಿ ನಮ್ಮ ಚಿತ್ರರಂಗದ್ದು ಎತ್ತಿದ ಕೈ, ಬಿರುದೆಂದರೆ ರೆಡಿಮೇಡ್ ಸುಳಿವು. ಮಿನುಗುತಾರೆ, ಮೂರಕ್ಷರ: ಕಲ್ಪನಾ. ಅಭಿನಯ ಶಾರದೆ, ಮೂರಕ್ಷರ: ಜಯಂತಿ. ಅಭಿನಯ ಸರಸ್ವತಿಗೆ ಐದು ಮನೆ ಬೇಕು, ಸರೋಜಾದೇವಿ. ಇವರ ಚಿತ್ರಗಳಲ್ಲಿ ಮಗ ಒಂದನ್ನೂ ನೋಡಿಲ್ಲ, ಬಿರುದುಗಳು ಮಾತ್ರ ಬಾಯಿಪಾಠ. ‘ಚೆಲುವು, ಮೂರಕ್ಷರ’ ಎಂದರೆ ಅಣ್ಣ ಕಾಂಪೌಂಡಿನಾಚೆಯಿಂದ “ಸೌಂದರ್ಯ, ನಮ್ಮ ಮುಳಬಾಗಿಲು ಕಡೆಯ ಹುಡುಗಿ” ಎಂದು ಸ್ವಲ್ಪ ಹೊತ್ತು ಟೊಮೆಟೊ ಮರೆಯುತ್ತಾರೆ.

ಇಂದಿನ ತಾರೆಯರಿಂದ ಒಂದು ತೊಂದರೆಯಿದೆ. ಹಿಂದಿನವರ ಹೆಸರು ತುಂಬು ಅಕ್ಷರದಲ್ಲಿ ಮುಗಿಯುತ್ತಿತ್ತು, ಈಗಿನವರದು ಅರ್ಧಕ್ಕೇ ನಿಲ್ಲುತ್ತದೆ. ಯಶ್, ದರ್ಶನ್, ಸುದೀಪ್. ‘ಬಿಗ್ ಬಾಸ್ ನಿರೂಪಕ’ ಎಂದು ಮೂರು ಮನೆ ಕೊಟ್ಟು ಕೊನೆಯದರಲ್ಲಿ ‘ಪ್’ ಬಂದು ಕೂತರೆ, ಅದನ್ನು ಹಾದು ಕೆಳಗಿಳಿಯುವ ಕನ್ನಡ ಪದವನ್ನು ಎಲ್ಲಿಂದ ತರುವುದು? ಇಂಗ್ಲಿಷಿನ ಬಾಗಿಲೇ ತಟ್ಟಬೇಕು. ಸೋಪ್, ಟೇಪ್, ಇಲ್ಲವೇ ‘ಆರ್‌ಸಿಬಿಯವರು 2025ರವರೆಗೆ ಕಾದದ್ದು, ಎರಡಕ್ಷರ’.

ಇಂಗ್ಲಿಷಿನವರಿಗೆ ಈ ಕಷ್ಟವೇ ಇಲ್ಲ. ಇಪ್ಪತ್ತಾರು ಅಕ್ಷರ ಇಟ್ಟುಕೊಂಡು ಎಲ್ಲಿ ಬೇಕಾದರೂ ದಾಟಬಹುದು. ಲಿವರ್‌ಪೂಲಿನಲ್ಲಿ ಹುಟ್ಟಿದ ಆರ್ಥರ್ ವಿನ್ ಎಂಬಾತ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರದಾಕಾರದ ಮೊದಲ ಪದಬಂಧ ಅಚ್ಚು ಮಾಡಿದ. ಆ ಮಹಾಶಯನಿಗೆ ನಮ್ಮ ಕಾಗುಣಿತ, ಒತ್ತಕ್ಷರ ಕೊಟ್ಟಿದ್ದರೆ ಏನು ಮಾಡುತ್ತಿದ್ದನೋ. ನನಗೆ ಅವನಿಗಿಂತ ಹೆಚ್ಚು ಇಷ್ಟವಾಗುವುದು ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ಗೆ ಪದಬಂಧ ಹೆಣೆಯುತ್ತಿದ್ದ ಲಿಯೊನಾರ್ಡ್ ಡಾ ಎಂಬ ಮೇಷ್ಟ್ರ ಕಥೆ. 1944ರಲ್ಲಿ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯಲು ಗುಟ್ಟಾಗಿ ಸಿದ್ಧವಾಗುತ್ತಿದ್ದಾಗ, ಯೂಟಾ, ಒಮಾಹಾ, ಓವರ್‌ಲಾರ್ಡ್, ಮಲ್ಬರಿ, ನೆಪ್ಚೂನ್ ಎಂಬ ಸೇನೆಯ ಗುಪ್ತಪದಗಳು ಒಂದೊಂದಾಗಿ ಅವರ ಪದಬಂಧದಲ್ಲಿ ಉತ್ತರಗಳಾಗಿ ಬಂದವು. ಬೇಹುಗಾರಿಕೆ ಇಲಾಖೆಯವರು ಬಂದು ವಿಚಾರಿಸಿದರು. ಮೇಷ್ಟ್ರಿಗೆ ಏನೂ ಗೊತ್ತಿರಲಿಲ್ಲ. ನಲವತ್ತು ವರ್ಷ ಕಳೆದ ಮೇಲೆ, 1984ರಲ್ಲಿ, ಅವರ ಹಳೆಯ ವಿದ್ಯಾರ್ಥಿಯೊಬ್ಬ ಬಾಯಿಬಿಟ್ಟ: ಶಾಲೆಯ ಹತ್ತಿರ ಬೀಡುಬಿಟ್ಟಿದ್ದ ಸೈನಿಕರ ಬಾಯಲ್ಲಿ ಕೇಳಿದ ಪದಗಳನ್ನು ಹುಡುಗರೇ ಚೌಕ ತುಂಬಲು ಕೊಟ್ಟಿದ್ದರಂತೆ. ಅಂದರೆ ಹುಡುಗರಿಗೆ ಪದ ಗೊತ್ತು, ಅದು ಏನೆಂದು ಗೊತ್ತಿಲ್ಲ. ಮೇಷ್ಟ್ರಿಗೆ ಎಷ್ಟಕ್ಷರ ಎಂಬುದಷ್ಟೇ ಮುಖ್ಯ. ನಮ್ಮ ಮಠದ ಪರಂಪರೆ ಎಷ್ಟು ದೂರ ಹಬ್ಬಿದೆ ನೋಡಿ.

ಈಗ ಎಲ್ಲದಕ್ಕೂ ಫೋನಿದೆ. ನಮ್ಮ ಓರಗಿತ್ತಿ ಪದಬಂಧ ಎದುರಿಗಿಟ್ಟುಕೊಂಡು ಒಂದೊಂದೇ ಸುಳಿವನ್ನು ಫೋನಿಗೆ ಓದಿ ಹೇಳುತ್ತಾಳೆ, ಅದು ಹೇಳಿದ್ದನ್ನು ಬರೆದುಕೊಳ್ಳುತ್ತಾಳೆ. ನನ್ನ ಪ್ರಕಾರ ಅದು ಬಿಡಿಸುವುದಲ್ಲ, ಹೇಳಿಕೆ ದಾಖಲಿಸುವುದು. ಅತ್ತೆಯನ್ನು ಕೇಳುವುದು, ಅಣ್ಣನನ್ನು ಕೇಳುವುದು, ಹೂವಿನವಳನ್ನು ತಡೆದು ನಿಲ್ಲಿಸಿ ಕೇಳುವುದು ನ್ಯಾಯ. ಏಕೆಂದರೆ ಅವರು ತಪ್ಪು ಹೇಳುವ ಸಾಧ್ಯತೆ ಧಾರಾಳವಾಗಿದೆ. ನಿಘಂಟು ನೋಡುವುದಕ್ಕೂ ನಮ್ಮ ಮನೆಯಲ್ಲಿ ನಿಷೇಧ, ಮರುದಿನ ಬರುವ ಉತ್ತರದ ಚೌಕಕ್ಕೂ ಅಂಥ ಗೌರವವೇನಿಲ್ಲ. ನಮ್ಮ ಉತ್ತರವೇ ಚೆನ್ನಾಗಿತ್ತು ಎಂದು ಅತ್ತೆ ಎಷ್ಟೋ ಸಲ ತೀರ್ಪು ಕೊಟ್ಟಿದ್ದಾರೆ.

ಮೊನ್ನೆ ಬೇಸಿಗೆ ರಜೆಯಲ್ಲಿ ಮಗ ತಾನೇ ಒಂದು ಪದಬಂಧ ಹೆಣೆಯಲು ಕೂತ. ಚೌಕಳಿ ಪುಸ್ತಕ ಎಳೆದುಕೊಂಡು ಮೊದಲ ಸಾಲಿನಲ್ಲಿ ಮನೆಯವರನ್ನೇ ಹಾಕಲು ಹೊರಟವನಿಗೆ ವಿಚಿತ್ರವೊಂದು ಕಂಡಿತು. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅತ್ತೆ, ಅಜ್ಜಿ, ಎಲ್ಲರೂ ಎರಡೇ ಅಕ್ಷರ, ಎಲ್ಲರೂ ‘ಅ’. ಎರಡನೇ ಮನೆಯಲ್ಲಿ ಎಲ್ಲರಿಗೂ ಒತ್ತು. “ಮ್ಮ ಇಂದ ಶುರುವಾಗೋ ಪದ ಒಂದೂ ಇಲ್ವಲ್ಲಮ್ಮಾ” ಎಂದು ಅಳುಮುಖ ಮಾಡಿದ. ಅದಕ್ಕೇ ಕಣೋ ನಮ್ಮ ಪದಬಂಧದಲ್ಲಿ ಅಷ್ಟೊಂದು ಕಪ್ಪು ಮನೆ, ಒತ್ತಿನ ಮೇಲೊಂದು ಅಕ್ಷರ ಇಟ್ಟು ಕೆಳಗಿಳಿಸು ಎಂದೆ. ಸಂಜೆಯವರೆಗೆ ರಬ್ಬರಿನಲ್ಲಿ ಉಜ್ಜಿ ಉಜ್ಜಿ ಹಾಳೆ ತೂತಾದ ಮೇಲೆ ತಂದು ತೋರಿಸಿದ. ಎಡದಿಂದ ಬಲಕ್ಕೆ ಒಂದು: ‘ಮನೆಯಲ್ಲಿ ಸುಮ್ಮಸುಮ್ಮನೆ ಬೈಯುವವರು, ಎರಡಕ್ಷರ’.

ಎಲ್ಲರೂ ನನ್ನ ಮುಖ ನೋಡಿದರು. ಇವರಂತೂ ಕೇಳದೆ ಅಮ್ಮ ಎಂದು ಬರೆದೇಬಿಟ್ಟರು. ಅಡ್ಡ ಹಾಯುವ ಸುಳಿವನ್ನು ಓದು ಎಂದೆ. ಮೇಲಿನಿಂದ ಕೆಳಕ್ಕೆ ಎರಡು: ‘ಮಳೆ ಬಂದಾಗ ಎಣ್ಣೆಯಲ್ಲಿ ಕರಿಯುವ ತಿಂಡಿ, ಎರಡಕ್ಷರ, ಮೊದಲನೆಯದು ಬ’. ಬಜ್ಜಿ ಎಂದೆ ನಾನು, ಸ್ವಲ್ಪ ಜೋರಾಗಿಯೇ.

“ಬಜ್ಜಿ ಯಾಕಾಗುತ್ತೆ? ಬೋಂಡ ಅದು” ಎಂದರು ಅತ್ತೆ.

“ಮೊದಲನೆಯದು ಬ ಅಂತ ಬರೆದಿದ್ದೀನಿ ಅಜ್ಜಿ, ಬೋಂ ಅಲ್ಲ.”

“ನಿನ್ನ ಕಾಗುಣಿತ ಯಾವತ್ತು ಸರಿಯಿತ್ತೋ?” ಎಂದು ಅತ್ತೆ ಸುಮ್ಮಸುಮ್ಮನೆ ಬೈದರು.